ಬೈರಮ್ಮನ ಗೋಡೆ ಮೇಲಿನ ಹೊಲಿಗೆ ಮಿಷನ್ನು

ಕೆಂಚನದೊಡ್ಡಿಯ ಬೈರಮ್ಮನ ಹುಳದ ಮನೆಯೊಳಗೆ ಕಾಲಿಡಬೇಕಾದರೆ ಮೊದಲು ಬೈರಮ್ಮನ ಮೂಗಿನ ಮುಂದೆ ನಿಲ್ಲಬೇಕಿತ್ತು. ಬೀಡಿ ಸೇದಿದವರು, ಹೊಗೆಸೊಪ್ಪು ಹಾಕಿದವರು, ತಲೆಗೆ ವಾಸನೆ ಎಣ್ಣೆ ಬಳಿದವರು, ಮಲ್ಲಿಗೆ ಮುಡಿದವರು, ಯಾರಾದರೂ ಸರಿಯೇ, ಹೊಸಿಲಿಂದಾಚೆಗೇ. ಒಡಹುಟ್ಟಿದ ಅಣ್ಣ ಮಗಳ ಮದುವೆ ಕರೆಯಲು ಬಂದಾಗ, 'ಬಾಯಲ್ಲಿ ಏನ್ ಹಾಕ್ಕಂಡಿದ್ದೀಯಾ' ಎಂದು ಕೇಳಿ ಲಗ್ನಪತ್ರಿಕೆಯನ್ನು ಕಿಟಕಿಯಲ್ಲೇ ಇಸಿದುಕೊಂಡವಳು ಆಕೆ. ರೇಷ್ಮೆ ಹುಳಕ್ಕೆ ಹೊಟ್ಟೆ ಎಷ್ಟು ದೊಡ್ಡದೋ ಜೀವ ಅಷ್ಟೇ ಸಣ್ಣದು. ಕೆಟ್ಟ ವಾಸನೆ ಬಿದ್ದರೆ ತಲೆಯೆತ್ತಿ ನಿಂತುಬಿಡುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಹಾಗಾಗಿ ಹುಳ ದೊಡ್ಡದಾಗಿರುವಷ್ಟು ದಿನ ಆ ಮನೆಯಲ್ಲಿ ಒಗ್ಗರಣೆಯೂ ಬಂದ್. ಸೊಸೆ ಭಾನುಪ್ರಿಯ ಹಾರೋಹಳ್ಳಿಯ ಮಾತ್ರೆ ಫ್ಯಾಕ್ಟರಿಗೆ ಸೇರಿದ ಮೊದಲ ದಿನ ಬಂದು, ಅಲ್ಲಿ ತಲೆಗೆ ಟೋಪಿ, ಕೈಗೆ ಗವಸು, ಬಾಯಿಗೆ ಬಟ್ಟೆ ಕಟ್ಟಿಸುತ್ತಾರೆಂದು ಹೇಳಿ, ಆದರೂ ಅತ್ತೆಯಷ್ಟು ಕಟ್ಟುನಿಟ್ಟಿಲ್ಲ ಬಿಡಿ ಎಂದಿದ್ದಳು.

ಗಂಡ ತೀರಿಕೊಂಡು ಆರು ವರ್ಷ. ಎರಡೆಕರೆ ಹಿಪ್ಪುನೇರಳೆ ತೋಟ, ಕಲ್ಲು ಚಪ್ಪಡಿಯ ಹುಳದ ಮನೆ, ವರ್ಷಕ್ಕೆ ಐದು ಬೆಳೆ. ಮೂವತ್ತೊಂದು ವರ್ಷದಿಂದ ಇದೇ ಲೆಕ್ಕ. ಆದರೆ 2008ರ ಆ ಬೇಸಿಗೆಯ ಬೆಳೆ ಕೊನೆಯದು. ಕೈಗಾರಿಕಾ ಪ್ರದೇಶ ಹಾರೋಹಳ್ಳಿಯಿಂದ ಬೆಳೆದು ಬೆಳೆದು ಆಕೆಯ ತೋಟದ ಬದುವಿಗೇ ಬಂದು ನಿಂತಿತ್ತು. ತೋಟ ಬಿಟ್ಟುಕೊಡುವ ಕಾಗದಕ್ಕೆ ಸಹಿಯಾಗಿತ್ತು. ಈ ಒಂದು ಫಸಲು ತೆಗೆದುಕೊಂಡು ಮೇ ಕೊನೆಗೆ ತೋಟ ಬಿಡಬೇಕು, ಮನೆ ಮಾತ್ರ ನಿಮಗೇ ಉಳಿಯುತ್ತದೆ ಎಂದು ಅಳತೆಯವರು ಹೇಳಿಹೋಗಿದ್ದರು. ತೋಟವಿಲ್ಲದ ಹುಳದ ಮನೆ ಇಟ್ಟುಕೊಂಡು ಏನು ಮಾಡುವುದೆಂದು ಯಾರೂ ಹೇಳಲಿಲ್ಲ. ಬೈರಮ್ಮ ಅತ್ತು ಕರೆದು ಮಾಡುವ ಹೆಂಗಸಲ್ಲ. ಕೊನೆಯ ಬೆಳೆ ಕೈತುಂಬ ಆಗಬೇಕು, ಒಂದು ಗೂಡೂ ಪೊಳ್ಳಾಗಬಾರದು, ಸಾಕಿದ ತಾಯಿ ಸೋತು ಬಿಟ್ಟಳು ಅನ್ನಿಸಿಕೊಳ್ಳಬಾರದು, ಇಷ್ಟೇ ಆಕೆಯ ಹಟ. ನೂರೈವತ್ತು ಮೊಟ್ಟೆ ತಂದು ಮೇಯಿಸಿದಳು. ಒಂದು ಚಿಟ್ಟೆ ಒಂದು ಸಲಕ್ಕೆ ಇಡುವ ನಾನೂರೈನೂರು ತತ್ತಿಗೆ ಅಲ್ಲಿ ಒಂದು ಮೊಟ್ಟೆ ಎಂದು ಲೆಕ್ಕ.

ಹುಳ ಪೊರೆ ಬಿಡುವ ಮುನ್ನ ಮೇವು ಬಿಟ್ಟು ಮಲಗುತ್ತದಲ್ಲ, ಅದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದರೆ ಮತ್ತೆ ಏಳು ದಿನ ಹಗಲಿರುಳೂ ಮೇಯುವುದೇ ಮೇಯುವುದು, ಆಮೇಲೆ ಗೂಡು. ಆ ಏಳು ದಿನದಲ್ಲಿ ಎರಡನೆಯ ದಿನ ಮಧ್ಯಾಹ್ನ, ಬೈರಮ್ಮ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬರುತ್ತಿದ್ದಾಗ, ಬದುವಿನ ಮೇಲೇ ಮೂಗಿಗೆ ಏನೋ ಬಡಿಯಿತು. ಸೀಮೆಎಣ್ಣೆ ಕಲಸಿದ ಎನಾಮಲ್ ಬಣ್ಣ. ಹೊರೆಯನ್ನು ಅಲ್ಲೇ ಎತ್ತಿಹಾಕಿ ಓಡಿಬಂದಳು.

ಹುಳದ ಮನೆಯ ಪಡುವಣ ಗೋಡೆ ಹೆದ್ದಾರಿಗೆ ಮುಖಮಾಡಿತ್ತು. ರಸ್ತೆ ಅಗಲವಾದ ಮೇಲೆ ಫ್ಯಾಕ್ಟರಿ ಬಸ್ಸುಗಳೆಲ್ಲ ಅದರ ಮುಂದೆಯೇ ಹೋಗುತ್ತಿದ್ದವು. ಆ ಗೋಡೆಯ ಉದ್ದಕ್ಕೂ, ಸೂರಿನ ಕೆಳಗೆ, ಹದಿನಾರಡಿ ಅಗಲದ ಒಂದು ಹೊಲಿಗೆ ಮಿಷನ್ನು ಎದ್ದಿತ್ತು. ಕೆಳಗೆ ಕೆಂಪಕ್ಷರದಲ್ಲಿ ಒಬ್ಬ ಪಕ್ಷೇತರ ಅಭ್ಯರ್ಥಿಯ ಹೆಸರು, ವಿಧಾನಸಭೆ ಚುನಾವಣೆಗೆ ಆ ಮಿಷನ್ನೇ ಆತನ ಚಿಹ್ನೆ. ಸೈಟು ಮಾರಿ ದುಡ್ಡು ಮಾಡಿದ ಮನುಷ್ಯ. ಬೇರೆಯವರ ಹಾಗೆ ಸುಣ್ಣ, ನೀಲಿ ಪುಡಿಯಲ್ಲಿ ಬರೆಸಿದ್ದರೆ ಏನೋ ಹಾಳಾಗಿಹೋಗಲಿ ಅನ್ನಬಹುದಿತ್ತು. ದುಡ್ಡಿತ್ತಲ್ಲ, ಡಬ್ಬಗಟ್ಟಲೆ ಎನಾಮಲ್ ಸುರಿದಿದ್ದ. ಬರೆದವರು ಮುಂದಿನ ಗೋಡೆಗೆ ಹೋಗಿಯೂ ಆಗಿತ್ತು.

ಒಳಗೆ ಗೋಡೆ ಪಕ್ಕದ ಬಿದಿರು ತಟ್ಟೆಗಳಲ್ಲಿ ಹುಳಗಳು ತಲೆಯೆತ್ತಿಕೊಂಡು ನಿಂತಿದ್ದವು. ಮಳೆ ಬಂದ ಹಾಗೆ ಕೇಳಿಸುವ ಮೇಯುವ ಸದ್ದೇ ಇಲ್ಲ. ಬೈರಮ್ಮ ಮೂಡಣ ಕಿಟಕಿಗಳನ್ನೆಲ್ಲ ತೆಗೆದಳು, ಗೋಡೆಯುದ್ದಕ್ಕೂ ಗೋಣಿತಾಟು ನೆನೆಸಿ ಕಟ್ಟಿದಳು, ನಲವತ್ತು ತಟ್ಟೆಗಳನ್ನು ಒಬ್ಬಳೇ ಮೂಡಣ ಮೂಲೆಗೆ ಸಾಗಿಸಿದಳು. ಸಂಜೆಗೆ ಎರಡು ತಟ್ಟೆಯ ಹುಳ ಬಾಯಿಂದ ನೀರು ಬಿಟ್ಟು ಸತ್ತವು. ಅವನ್ನು ಗುಂಡಿಗೆ ಹಾಕಿ ಮಣ್ಣೆಳೆದಳು.

ಚುನಾವಣೆ ನೀತಿ ಸಂಹಿತೆ ಅಂತ ಒಂದಿದೆ, ಗೋಡೆ ಮೇಲೆ ಬರೆಯುವ ಹಾಗೇ ಇಲ್ಲ, ದೂರು ಕೊಟ್ಟರೆ ಇಪ್ಪತ್ನಾಲ್ಕು ಗಂಟೆಯಲ್ಲಿ ಕ್ರಮ ಎಂದು ಭಾನುಪ್ರಿಯ ಪೇಪರಿನಲ್ಲಿ ಓದಿದ್ದಳು. ಬೈರಮ್ಮ ನಂಬಿದಳು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವುದು ಇಂಥದ್ದಕ್ಕೇ.

ಮೊದಲು ಪಂಚಾಯಿತಿ. ಅಲ್ಲಿನ ಸೆಕ್ರೆಟರಿ, ನಮಗೆ ಎಲೆಕ್ಷನ್ ಡ್ಯೂಟಿ ಇದೆ, ಅದಕ್ಕೇ ಎಲೆಕ್ಷನ್ ವಿಷಯ ನೋಡಲಾಗುವುದಿಲ್ಲ ಎಂದ. ಈ ಮಾತಿನ ಅರ್ಥ ಬೈರಮ್ಮನಿಗೆ ಇವತ್ತಿಗೂ ಆಗಿಲ್ಲ. ಆತನೇ ಒಂದು ಫೋನ್ ನಂಬರು ಕೊಟ್ಟ. ಅಂಗಡಿಯ ಕಾಯಿನ್ ಬೂತಿನಿಂದ ಐದು ಸಲ ಮಾಡಿದಳು. ನಾಲ್ಕು ಸಲ ಎಂಗೇಜು. ಐದನೆಯ ಸಲ ಎತ್ತಿದವನು ಲಿಖಿತವಾಗಿ ಕೊಡಿ ಎಂದು ಇಟ್ಟ.

ಮಾರನೆಯ ದಿನ ಬೆಳಗಿನ ಮೇವು ಹಾಕಿ ಕನಕಪುರದ ಬಸ್ಸು ಹತ್ತಿದಳು. ಚುನಾವಣೆಗೆಂದು ತಾತ್ಕಾಲಿಕವಾಗಿ ತೆರೆದಿದ್ದ ದೂರು ಕೊಠಡಿಯಲ್ಲಿ ದೇವರಾಜು ಎಂಬ ಗುಮಾಸ್ತ ಕೂತಿದ್ದ. ಒಳ್ಳೆಯ ಮನುಷ್ಯನೇ, ಆದರೆ ಮೂರು ರಾತ್ರಿ ನಿದ್ದೆಗೆಟ್ಟ ಮುಖ. ಮುಂದೆ ಅಚ್ಚು ಹಾಕಿಸಿದ ಒಂದು ನಮೂನೆ.

"ಯಾವ ಪಕ್ಷದ ವಿರುದ್ಧ ದೂರು?" ಎಂದ.

"ಪಕ್ಷ ಯಾವುದೋ ನಂಗೇನ್ ಗೊತ್ತಪ್ಪ. ಬಣ್ಣದ ಮೇಲೆ ದೂರು. ನಮ್ ಹುಳ ಸಾಯ್ತಾ ಅವೆ."

"ಬಣ್ಣದ ಮೇಲೆ ದೂರು ಕೊಡಕ್ಕಾಗಲ್ಲಮ್ಮ. ಚಿಹ್ನೆ ಏನು?"

"ಹೊಲಿಗೆ ಮಿಷನ್ನು."

"ಎಷ್ಟು ಚದರಡಿ?"

ಬೈರಮ್ಮ ಎರಡು ಕೈ ಅಗಲಿಸಿ ತೋರಿಸಿದಳು. ಚದರಡಿ ಹಾಗೆ ಬರೆಯಲಾಗುವುದಿಲ್ಲ ಎಂದ ದೇವರಾಜು, ಆಮೇಲೆ ದನಿ ತಗ್ಗಿಸಿ, "ನೀವು ಯಾರ ಕಡೆಯೋರು, ಹೇಳ್ಬುಡಿ" ಎಂದ. ದೂರು ಕೊಡಲು ಬರುವವರೆಲ್ಲ ಒಬ್ಬರಲ್ಲ ಒಬ್ಬರ ಕಡೆಯವರೇ ಆಗಿರುತ್ತಿದ್ದರು, ಪಾಪ ಅವನ ತಪ್ಪೂ ಅಲ್ಲ.

"ನಾನು ಹುಳಿನ ಕಡೆಯೋಳು ಕಣಪ್ಪ" ಎಂದಳು ಬೈರಮ್ಮ.

ಅವನು ಬರೆದುಕೊಳ್ಳಲಿಲ್ಲ. ಫೋಟೋ ಬೇಕು, ಫೋಟೋ ಇಲ್ಲದ ದೂರು ರಿಜಿಸ್ಟರಿಗೆ ಹತ್ತುವುದಿಲ್ಲ ಎಂದ. ಗೋಡೆಯನ್ನು ಕಿತ್ತುಕೊಂಡೇ ಬರಬೇಕಿತ್ತೇನೋ ಎಂದುಕೊಂಡು ಬೈರಮ್ಮ ವಾಪಸ್ಸು ಬಸ್ಸು ಹತ್ತಿದಳು. ಮನೆಯಲ್ಲಿ ಮಧ್ಯಾಹ್ನದ ಮೇವಿಗೆ ಹೊತ್ತು ಮೀರಿತ್ತು.

ಹಾರೋಹಳ್ಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಸಮದ್ ಸಾಬರನ್ನು ಕರೆಸಿದ್ದಾಯಿತು. ಅವರು ಸ್ಕೂಟರಿನಲ್ಲಿ ಬಂದರು. ಶುಕ್ರವಾರ, ನಮಾಜು ಮುಗಿಸಿ ಬಂದಿದ್ದರು, ಅತ್ತರು ಹಚ್ಚಿದ್ದರು. ಬೈರಮ್ಮ ರಸ್ತೆಯ ಆಚೆ ದಡದಲ್ಲೇ ಅವರನ್ನು ತಡೆದು ನಿಲ್ಲಿಸಿದಳು.

"ಅಲ್ಲಿಂದ್ಲೇ ತೆಗೀರಿ ಸಾಬ್ರೆ. ಗಾಳಿ ಈ ಕಡಿಗೆ ಬೀಸ್ತೈತೆ."

"ಅಕ್ಕ, ಇಲ್ಲಿಂದ ತೆಗುದ್ರೆ ಮಧ್ಯ ಬಸ್ಸು ಬತ್ತದೆ."

"ಬಸ್ಸು ಹೋದ್ಮ್ಯಾಲೆ ತೆಗೀರಿ."

ಹನ್ನೊಂದು ಫೋಟೋ ತೆಗೆದರು. ಆರರಲ್ಲಿ ಬಸ್ಸು, ಎರಡರಲ್ಲಿ ಸಿಮೆಂಟ್ ಲಾರಿ, ಒಂದರಲ್ಲಿ ಎಮ್ಮೆ. ಉಳಿದ ಎರಡನ್ನು ತೊಳೆಸಿಕೊಂಡು ಬೈರಮ್ಮ ಮತ್ತೆ ಕನಕಪುರಕ್ಕೆ ಹೋಗಿ ಕೊಟ್ಟಳು. ದೇವರಾಜು ಠಸ್ಸೆ ಒತ್ತಿದ. ಗೋಡೆಗೆ ಬಣ್ಣ ಬಿದ್ದು ಅಂದಿಗೆ ಮೂರು ದಿನ. ಇಪ್ಪತ್ನಾಲ್ಕು ಗಂಟೆ ಶುರುವಾಗುವುದು ಠಸ್ಸೆ ಬಿದ್ದಲ್ಲಿಂದಂತೆ.

ಇಪ್ಪತ್ನಾಲ್ಕು ಗಂಟೆ ಕಳೆಯಿತು, ಯಾರೂ ಬರಲಿಲ್ಲ. ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದಾಯಿತು. ಬಿಸಿಲಿಗೆ ಬಣ್ಣ ಒಣಗಿ ವಾಸನೆ ಸತ್ತಿತು. ಮೂಗನ್ನು ಗೋಡೆಗೆ ಹಚ್ಚಿದರೆ ಮಾತ್ರ ತಿಳಿಯುತ್ತಿತ್ತು. ಹುಳ ಮತ್ತೆ ಮೇಯತೊಡಗಿದವು, ಆ ಮಳೆಯ ಸದ್ದು ವಾಪಸ್ಸು ಬಂತು. ಆರನೆಯ ದಿನ ರಾತ್ರಿ ಬೈರಮ್ಮ ಗೋಡೆಗೊರಗಿ ಕೂತು, ಹಾಳಾಗ್ಲಿ, ಬೆಳೆ ಕೈಗೆ ಬಂತು, ಹೊಲಿಗೆ ಮಿಷನ್ನು ಬೇಕಾದರೆ ಅಲ್ಲೇ ಇರಲಿ ಎಂದು ಸೊಸೆಗೆ ಹೇಳಿ ಮಲಗಿದಳು.

ಏಳನೆಯ ದಿನ ಬೆಳಿಗ್ಗೆ ಹುಳ ಹಣ್ಣಾಗತೊಡಗಿದವು. ಹಣ್ಣಾಗುವುದೆಂದರೆ ಮೈ ಬಂಗಾರದ ಬಣ್ಣಕ್ಕೆ ತಿರುಗಿ, ಮೇವು ಬಿಟ್ಟು, ಗೂಡು ಕಟ್ಟುವ ಜಾಗ ಹುಡುಕುವುದು. ಆಗ ಅವನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ ಬಿಡಬೇಕು. ಆಳೆತ್ತರದ ಬಿದಿರು ತಡಿಕೆ, ಮೇಲೆ ಸುರುಳಿ ಸುರುಳಿಯಾಗಿ ಬಿದಿರ ಪಟ್ಟಿ, ಅದೇ ಚಂದ್ರಿಕೆ. ಆ ದಿನ ಗಾಳಿ ಕೆಟ್ಟರೆ ಮುಗಿಯಿತು, ಹುಳ ನೂಲನ್ನು ಅರ್ಧಕ್ಕೇ ಬಿಟ್ಟು ಸಾಯುತ್ತದೆ. ನೆರೆಮನೆಯ ನಾಗಲಕ್ಷ್ಮಮ್ಮ ಸಹಾಯಕ್ಕೆ ಬಂದು ಒಳಗೆ ಹುಳ ಆಯುತ್ತಿದ್ದಳು. ಹೊರಗೆ ಜೀಪು ನಿಂತ ಸದ್ದಾಯಿತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎಂದಿತಂತೆ.

ಕನ್ನಡಕದ ಒಬ್ಬ ಸಾಹೇಬ, ವಿಡಿಯೋ ಕ್ಯಾಮೆರಾ ಹಿಡಿದವನೊಬ್ಬ, ಬ್ರಷ್ಷು ಹಿಡಿದ ಇಬ್ಬರು ಕೆಲಸದವರು. ಜೀಪಿನ ಹಿಂದಿನಿಂದ ಇಳಿಸಿದ್ದು ಒಂದು ಡಬ್ಬ ಥಿನ್ನರು, ಎರಡು ಡಬ್ಬ ಕಪ್ಪು ಎನಾಮಲ್.

"ಬೈರಮ್ಮ ಯಾರು? ನಿಮ್ಮ ದೂರಿನ ಮೇಲೆ ಬಂದಿದ್ದೀವಿ. ಅಳಿಸಿ, ಎರಡು ಕೋಟ್ ಹೊಡೀತೀವಿ" ಎಂದ ಸಾಹೇಬ.

ಬೈರಮ್ಮನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹೋಗಿ ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತಳು. ಹೊಲಿಗೆ ಮಿಷನ್ನಿನ ಚಕ್ರ ಆಕೆಯ ತಲೆಯ ಹಿಂದೆ ಬಂತು.

"ಇವತ್ತು ಬ್ಯಾಡಿ ಸ್ವಾಮಿ. ಹುಳ ಹಣ್ಣಾಗವೆ. ನಾಕು ದಿನ ಬುಟ್ಟು ಬನ್ನಿ, ನಾನೇ ಬ್ರಷ್ ಹಿಡೀತೀನಿ."

"ನಾಲ್ಕು ದಿನವಾ? ಇದು ಆಗಲೇ ಲೇಟಾಗಿದೆ. ಇವತ್ತು ಕ್ಲೋಸ್ ಮಾಡದಿದ್ರೆ ನಾನು ಉತ್ತರ ಕೊಡಬೇಕು."

"ಹಂಗಾರೆ ಸುಣ್ಣ ಹೊಡೀರಿ. ಸುಣ್ಣಕ್ಕೆ ಹುಳ ಹೆದರಕಿಲ್ಲ. ಒಳಗೆ ಎರಡು ಮೂಟೆ ಐತೆ, ಕೊಡ್ತೀನಿ."

"ಎನಾಮಲ್ ಮೇಲೆ ಸುಣ್ಣ ನಿಲ್ಲಲ್ಲಮ್ಮ. ಆರ್ಡರಲ್ಲಿ ಬಣ್ಣ ಅಂತಿದೆ."

ಸುಣ್ಣ ನಿಲ್ಲುವುದಿಲ್ಲವೆನ್ನುವುದು ನಿಜವೇ. ಆದರೆ ಆತ ಅಷ್ಟಕ್ಕೇ ನಿಲ್ಲಿಸಲಿಲ್ಲ. ನೀರಾವರಿ ಇಲಾಖೆಯಿಂದ ಚುನಾವಣೆಗೆಂದು ಎಳೆತಂದಿದ್ದ ಮಲೆನಾಡಿನ ಮನುಷ್ಯ, ಹುಳ ಕಂಡವನಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ದೂರು ಕೊಡೋದೂ ನೀವೇ, ತಡೆಯೋದೂ ನೀವೇ. ಅವರ ಕಡೆಯಿಂದ ಏನಾದ್ರೂ ಮುಟ್ತಾ?" ಎಂದು ಕೇಳಿಬಿಟ್ಟ.

ಆಗಲೇ ರಸ್ತೆಯಲ್ಲಿ ಹತ್ತು ಜನ ಸೇರಿದ್ದರು. ಆ ಮಾತು ಹತ್ತು ಕಿವಿಗೂ ಬಿತ್ತು. ಬೈರಮ್ಮನ ಮುಖ ಕೆಂಪೇರಿತು. ಮೂವತ್ತೊಂದು ವರ್ಷ ಒಬ್ಬರ ಹಂಗಿಲ್ಲದೆ ಬದುಕಿದ ಹೆಂಗಸಿಗೆ ಊರ ಮುಂದೆ ಈ ಮಾತು. ತಿರುಗಿ ಏನಾದರೂ ಅನ್ನಬೇಕೆಂದು ಬಾಯಿ ತೆಗೆದಳು, ಆದರೆ ಕೆಲಸದವನೊಬ್ಬ ಆ ಹೊತ್ತಿಗೇ ಥಿನ್ನರಿನ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕುತ್ತಿದ್ದ. ಜಗಳ ಗೆದ್ದರೆ ಹುಳ ಹೋಗುತ್ತದೆ. ಬಾಯಿ ಮುಚ್ಚಿಕೊಂಡಳು. ಹೀಗೆ ಬಾಯಿ ಮುಚ್ಚಿಕೊಂಡದ್ದು ಆಕೆಯ ಜನ್ಮದಲ್ಲೇ ಮೊದಲು.

ಒಳಗಿಂದ ನಾಗಲಕ್ಷ್ಮಮ್ಮ ಕೂಗಿದಳು. "ಬೈರಕ್ಕ, ನಾಕು ಚಂದ್ರಿಕೆ ತುಂಬೋದೊ. ಎಲ್ಲಿ ನಿಲ್ಸನ?"

ಚಂದ್ರಿಕೆಯನ್ನು ನಿಲ್ಲಿಸುವುದು ಮೂಡಣ ಸೂರಿನ ಕೆಳಗೆ, ನೆರಳು ಗಾಳಿ ಎರಡೂ ಇರುವ ಕಡೆ. ಪಡುವಣ ಗೋಡೆಗೆ ಈ ಬಣ್ಣ ಬಿದ್ದ ಮೇಲೆ ಅತ್ತ ಒಂದು ಹುಳವನ್ನೂ ಬೈರಮ್ಮ ಬಿಟ್ಟಿರಲಿಲ್ಲ. ಮೂಗನ್ನು ಹಿಂದಕ್ಕೆ ತಿರುಗಿಸಿ ಗೋಡೆಯನ್ನೊಮ್ಮೆ ಮೂಸಿದಳು. ವಾಸನೆ ಇನ್ನೂ ಒಂದೆಳೆ ಇತ್ತು. ನಾಲ್ಕು ಚಂದ್ರಿಕೆ ಅಂದರೆ ಹತ್ತು ಮೊಟ್ಟೆಯ ಹುಳ. ಅವು ಹೋದರೂ ಹೋಗಬಹುದು. ಆ ಡಬ್ಬ ತೆರೆದರೆ ನೂರೈವತ್ತೂ ಹೋಗುತ್ತವೆ.

"ಇಲ್ಲಿಗೆ ತತ್ತಾ" ಎಂದಳು. "ಪಡುವಣ ಗೋಡೆಗೆ. ಒಂದ್ ಗೇಣು ಸಂದು ಬುಟ್ಟು ನಿಲ್ಸು."

ಇಬ್ಬರೂ ಸೇರಿ ಒಂದೊಂದಾಗಿ ತಂದು ನಿಲ್ಲಿಸಿದರು. ನಾಲ್ಕು ನಾಲ್ಕಡಿ ಹದಿನಾರಡಿ. ಹೊಲಿಗೆ ಮಿಷನ್ನಿನ ಚಕ್ರ, ಸೂಜಿ, ಹೆಸರು, ಎಲ್ಲ ಮುಚ್ಚಿಹೋಯಿತು. ಹೊರಗಡೆಗೆ ಕಾಣುತ್ತಿದ್ದುದು ಬಿದಿರ ಸುರುಳಿಗಳಲ್ಲಿ ತಲೆಯಾಡಿಸುತ್ತ ನೂಲು ಎಳೆಯುತ್ತಿದ್ದ ಬಂಗಾರದ ಹುಳಗಳು ಮಾತ್ರ.

"ಇದೇನಿದು, ಸರಿಸ್ರಿ ಇದನ್ನ" ಎಂದ ಸಾಹೇಬ ಕೆಲಸದವರಿಗೆ.

ಕೆಲಸದವರಿಬ್ಬರೂ ಕಬ್ಬಾಳು ಕಡೆಯವರು, ಅವರವರ ಮನೆಯಲ್ಲೂ ಹುಳ ಇತ್ತು. ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದು ಚಪ್ಪಲಿ ಬಿಟ್ಟರು. ಒಬ್ಬ ಬ್ರಷ್ಷನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಆಗಕಿಲ್ಲ ಸಾರ್" ಎಂದ. "ಗೂಡು ಕಟ್ತಾ ಅವೆ. ಕಟ್ಟೋ ಹುಳಿನ ಚಂದ್ರಿಕೆ ಅಲ್ಲಾಡುಸ್ಬಾರ್ದು. ನಮ್ ಮನೇಲೂ ಬೆಳೆ ಐತೆ, ನಮ್ಗೂ ಒಳ್ಳೇದಾಗಕಿಲ್ಲ."

ಸಾಹೇಬ ಗದರಿದ, ಬರೆದು ಹಾಕುತ್ತೇನೆ ಎಂದ. ಅವರು ಮುಟ್ಟಲಿಲ್ಲ. ನೋಡುತ್ತಿದ್ದವರಲ್ಲಿ ಯಾರೂ ಮುಟ್ಟಲಿಲ್ಲ, ಹೊಲಿಗೆ ಮಿಷನ್ನಿನ ಕಡೆಯವರೂ ಅವರ ಎದುರಾಳಿಗಳೂ ಅಲ್ಲೇ ಇದ್ದರು. ಕೊನೆಗೆ ಸಾಹೇಬ ವಾಚು ನೋಡಿಕೊಂಡು, ವಿಡಿಯೋದವನಿಗೆ ಏನೋ ಹೇಳಿ, ಗೋಡೆಯದೊಂದು ಫೋಟೋ ತೆಗೆಸಿ, ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಎರಡು ಸಾಲು ಬರೆದ. ಬೈರಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಹೊರಟುಹೋದ. ಏನು ಬರೆದಿದ್ದಾನೆಂದು ಕೇಳುವ ವ್ಯವಧಾನ ಆಕೆಗಿರಲಿಲ್ಲ, ಒಳಗೆ ಉಳಿದ ತಟ್ಟೆಗಳ ಹುಳ ಹಣ್ಣಾಗುತ್ತಿದ್ದವು.

ಮತದಾನ ಮುಗಿಯಿತು. ಹೊಲಿಗೆ ಮಿಷನ್ನು ಠೇವಣಿ ಕಳೆದುಕೊಂಡಿತು. ಚಂದ್ರಿಕೆ ತೆಗೆದ ದಿನವೇ ಅದು ಗೋಡೆ ಮೇಲೆ ಮತ್ತೆ ಪ್ರತ್ಯಕ್ಷವಾಗಿತ್ತು. ಅಳಿಸಿ ಎಂದು ಪಂಚಾಯಿತಿಗೆ ಹೋದರೆ, ಸಂಹಿತೆ ಮುಗಿದಿದೆ, ಇನ್ನು ಅದು ನಿಮ್ಮ ಖಾಸಗಿ ಗೋಡೆ ಎಂದ ಸೆಕ್ರೆಟರಿ. ಸುಣ್ಣ ಹೊಡೆದರೆ ವಾರಕ್ಕೆ ಹಪ್ಪಳದಂತೆ ಎದ್ದು ಉದುರಿತು. ಫ್ಯಾಕ್ಟರಿ ಬಸ್ಸಿನವರು ಆ ನಿಲುಗಡೆಗೆ ಹೊಲಿಗೆ ಮಿಷನ್ ಸ್ಟಾಪು ಎಂದೇ ಹೆಸರಿಟ್ಟರು. ಗಾರ್ಮೆಂಟ್ಸಿನ ಹುಡುಗಿಯೊಬ್ಬಳು ಇಳಿದುಬಂದು ರವಿಕೆ ಬಟ್ಟೆ ಮುಂದೆ ಹಿಡಿದು, 'ಎಷ್ಟು ದಿನಕ್ಕೆ ಕೊಡ್ತೀರಾ' ಎಂದಳು. ಬೈರಮ್ಮ ಬೈದು ಕಳಿಸಿದಳು. ಜೂನ್‌ನಲ್ಲಿ ಜೆಸಿಬಿ ಬಂದು ಎರಡೆಕರೆ ಹಿಪ್ಪುನೇರಳೆಯನ್ನು ಒಂದು ಬೆಳಿಗ್ಗೆ ಕಿತ್ತುಹಾಕಿತು.

ಆಗಸ್ಟಿನಲ್ಲಿ ಒಂದು ಸರ್ಕಾರಿ ಲಕೋಟೆ ಬಂತು. ಭಾನುಪ್ರಿಯ ಓದಿದಳು: "ದೂರುದಾರರ ಸಮಕ್ಷಮದಲ್ಲಿ ಸ್ಥಳ ಪರಿಶೀಲಿಸಲಾಗಿ, ಸದರಿ ಗೋಡೆಯ ಮೇಲೆ ಯಾವುದೇ ಪ್ರಚಾರ ಬರಹ ಕಂಡುಬಂದಿರುವುದಿಲ್ಲ. ದೂರು ನಿರಾಧಾರವೆಂದು ಮುಕ್ತಾಯಗೊಳಿಸಲಾಗಿದೆ." ಜೊತೆಗೆ ಪಿನ್ನು ಚುಚ್ಚಿದ ಒಂದು ಬಣ್ಣದ ಫೋಟೋ.

"ನಿರಾಧಾರ ಅಂದ್ರೆ?" ಎಂದಳು ಬೈರಮ್ಮ.

"ಸುಳ್ಳು ದೂರು ಅಂತ ಅತ್ತೆ."

ಬೈರಮ್ಮ ಮಾರನೆಯ ದಿನ ಮೊದಲ ಬಸ್ಸಿಗೇ ಕನಕಪುರಕ್ಕೆ ಹೋದಳು. ದೂರು ಕೊಠಡಿ ಎತ್ತಿಹೋಗಿತ್ತು. ಹುಡುಕಿ ಹುಡುಕಿ ದೇವರಾಜುವನ್ನು ಇನ್ನೊಂದು ಕಟ್ಟಡದ ಪಿಂಚಣಿ ಮೇಜಿನಲ್ಲಿ ಹಿಡಿದಳು. ಕಾಗದವನ್ನು ಅವನ ಮುಂದೆ ಇಟ್ಟಳು.

"ಗೋಡೆ ಐತೆ. ಮಿಷನ್ನೂ ಐತೆ. ಬಸ್ಸಿನೋರು ಅದ್ರ ಹೆಸ್ರೇ ಕೂಗ್ತಾರೆ. ನಾನ್ಯಾಕಪ್ಪ ಸುಳ್ಳಿ ಆದೆ?"

"ಅಮ್ಮ, ಎಲೆಕ್ಷನ್ ಮುಗಿದು ಮೂರು ತಿಂಗಳಾಯ್ತು. ಆ ಫೈಲೇ ಕ್ಲೋಸಾಗೈತೆ. ಈಗ ಇದರಿಂದ ನಿಮಗೇನು ತೊಂದ್ರೆ?"

"ತೊಂದ್ರೆಯಾ? ಊರ್ ಮುಂದೆ ಲಂಚ ತಿಂದೋಳು ಅನ್ನಿಸ್ಕಂಡೆ. ಈಗ ಸರ್ಕಾರದ ಕಾಗದದಲ್ಲಿ ಸುಳ್ಳು ಹೇಳೋಳು. ತಿದ್ದಿ ಬರಿ."

ದೇವರಾಜು ಪಿನ್ನು ಚುಚ್ಚಿದ ಫೋಟೋ ಎತ್ತಿ ನೋಡಿದ. ನಾಲ್ಕು ಚಂದ್ರಿಕೆ, ತುಂಬ ಹುಳ, ಬೆಳಕಿಗೆ ಒಂದೊಂದೂ ಬೇರೆಯಾಗಿ ಕಾಣುತ್ತಿತ್ತು.

"ನಮ್ಮಜ್ಜಿ ಮನೇಲೂ ಇದ್ವು" ಎಂದ. "ಬೆಳೆ ಹೆಂಗಾಯ್ತಮ್ಮ ಕೊನೆಗೆ?"

ಬೈರಮ್ಮ ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಿದ್ದಳು. ಈ ಪ್ರಶ್ನೆಗೆ ಬಂದಿರಲಿಲ್ಲ. ಪಕ್ಷ ಕೇಳಿದ್ದರು, ಚಿಹ್ನೆ ಕೇಳಿದ್ದರು, ಎಷ್ಟು ಮುಟ್ಟಿತು ಎಂದೂ ಕೇಳಿದ್ದರು. ಇಷ್ಟು ದಿನ, ಇಷ್ಟು ಮೇಜು ಸುತ್ತಿದರೂ ಬೆಳೆ ಏನಾಯಿತೆಂದು ಒಬ್ಬರೂ ಕೇಳಿರಲಿಲ್ಲ. ಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣೊತ್ತಿಕೊಂಡಳು, ನಾಚಿಕೆಯಾಯಿತು, ಆದರೂ ನಿಲ್ಲಲಿಲ್ಲ.

"ಚೆನ್ನಾಗಾಯ್ತು ಕಣಪ್ಪ" ಎಂದಳು. "ಆ ನಾಕರಲ್ಲೂ ಒಂದು ಗೂಡೂ ಪೊಳ್ಳಿಲ್ಲ. ರಾಮನಗರದ ಮಾರ್ಕೆಟ್ಟಲ್ಲಿ ನೂಲು ತೆಗೆಯೋ ರೀಲರ್‌ಗಳು ಕೈಯಲ್ಲಿ ಹಿಡಿದು ಹಿಡಿದು ನೋಡಿದ್ರು. ಅಂಥ ಬೆಳೆ ಇನ್ನಿಲ್ಲ. ತೋಟ ಹೋಯ್ತು."

ದೇವರಾಜು ಅತ್ತಿತ್ತ ನೋಡಿ ಹಳೆಯ ಕಾಗದವನ್ನು ಮುಂದೆಳೆದುಕೊಂಡ. ಮುಗಿದ ಫೈಲಿಗೆ ಏನು ಬರೆದರೂ ಯಾರೂ ಓದುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಪೆನ್ನಿನ ಮುಚ್ಚಳ ತೆಗೆದ.

"ಏನಂತ ಬರೀಲಿ?"

"ದೂರು ನಿಜ ಅಂತ ಬರಿ. ಬೆಳೆ ಚೆನ್ನಾಗಾಯ್ತು ಅಂತಾನೂ ಬರಿ."

"ಬೆಳೆಗೆ ಇದ್ರಲ್ಲಿ ಕಾಲಂ ಇಲ್ಲಮ್ಮ."

"ಹಂಗಾರೆ ಕೆಳಗಡೆ ಬರಿ, ಜಾಗ ಐತಲ್ಲ" ಎಂದಳು ಬೈರಮ್ಮ.